‘ನೀನು’ ಅಂದ ತಪ್ಪಿಗೆ

ಮೋಕ್ಷಾಳಿಗೆ ಒರ್ನೆಲ್ಲಾಳ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಆ ಹೆಂಗಸು ಬಾಯಿ ತೆರೆದರೆ ಸಾಕು, ಹುಡುಗಿಗೆ ಮುಜುಗರವಾಗುತ್ತಿತ್ತು. “ಮೋಕ್ಷಾ, ನೀವು ತಿಂಡಿ ತಿಂದಿರಾ?” ಹನ್ನೆರಡು ವರ್ಷದ ಹುಡುಗಿಯನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಬ್ಯಾಂಕಿನ ಮ್ಯಾನೇಜರನ್ನು ಕೇಳಿದ ಹಾಗೆ! ಎಂಟು ವರ್ಷದ ತಮ್ಮ ರೋಷನ್‌ಗೂ ಅದೇ ಮರ್ಯಾದೆ. “ರೋಷನ್, ನೀವು ಮೂಗು ಒರೆಸಿಕೊಳ್ಳಿ.” ಮೂಗು ಸೋರುವವನಿಗೆ ಬಹುವಚನ ಬೇರೆ ಕೇಡು.

ಪಾಪ, ತಪ್ಪು ಅವಳದ್ದಲ್ಲ. ಈ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದೆಂದು ಗೊತ್ತಾದ ದಿನದಿಂದ ಇಟಲಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕನ್ನಡ ಕಲಿತವಳು ಅವಳು. ಕಲಿಸಿದವರು ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು. “ಯಾರಿಗೇ ಆಗಲಿ ‘ನೀವು’ ಅನ್ನಿ, ಎಲ್ಲಿಯೂ ಎಡವುವುದಿಲ್ಲ” ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಶಿಷ್ಯೆ ಅದನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದಳು. ಅವಳ ಗಂಡ ದಾರಿಯೊನದ್ದು ಬೇರೆಯೇ ಕಥೆ. ಅವನು ಒಂದಕ್ಷರ ಕನ್ನಡ ಕಲಿಯದೆ ಬಂದಿಳಿದವನು. ರೋಷನ್ ಅವನಿಗೆ “ಎಂತ ಮಾರಾಯ” ಎಂಬುದೊಂದನ್ನು ಕಲಿಸಿದ್ದ. ಅದೊಂದಿದ್ದರೆ ಮಂಗಳೂರಿನಲ್ಲಿ ಹೇಗೂ ಬದುಕಬಹುದು ಎಂದು ದಾರಿಯೊಗೆ ಬೇಗ ಗೊತ್ತಾಯಿತು. ಆಟೋದವನಿಗೂ ಅದೇ, ಎಳನೀರಿನವನಿಗೂ ಅದೇ.

ನಾಲ್ವರೂ ಕೊಡಿಯಾಲ್‌ಬೈಲಿನ ಒಂದು ಬಾಡಿಗೆ ಫ್ಲಾಟಿನಲ್ಲಿದ್ದರು. ಕೆಲಸವೆಲ್ಲ ಹೆಚ್ಚುಕಮ್ಮಿ ಮುಗಿದಿತ್ತು. ಮಕ್ಕಳ ಪಾಸ್‌ಪೋರ್ಟ್ ಕೈಗೆ ಬಂದಿತ್ತು, ವೀಸಾ ಆಗಿತ್ತು, ಟಿಕೆಟೂ ಆಗಿತ್ತು. ದತ್ತಿನ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ಕೊನೆಯ ಸಲ ಕೂರುವುದೊಂದು ಬಾಕಿ. ಹೋಗಲಿಕ್ಕೆ ಮನಸ್ಸು ಉಂಟಾ ಎಂದು ಮಕ್ಕಳನ್ನು ಕೇಳುತ್ತಾರೆ, ಕರೆದುಕೊಂಡು ಹೋಗುವುದು ಖಂಡಿತವಾ ಎಂದು ದೊಡ್ಡವರನ್ನೂ ಕೇಳುತ್ತಾರೆ. ಯಾರು ಬೇಡ ಅಂದರೂ ಎಲ್ಲ ಅಲ್ಲಿಗೇ ನಿಂತೀತು.

ಮೋಕ್ಷಾಳಿಗೆ ಹೆದರಿಕೆ ಇದ್ದದ್ದು ಆ ದೊಡ್ಡವರದ್ದೇ. ಅವಳು ಸುಮ್ಮನೆ ಹೆದರುವ ಪೈಕಿಯಲ್ಲ; ಒಮ್ಮೆ ಕೈ ಸುಟ್ಟುಕೊಂಡವಳು. ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಜೋಡಿ ಅಕ್ಕ ತಮ್ಮ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಿತ್ತು. ಒಳ್ಳೆಯ ಮನೆ, ಇಬ್ಬರಿಗೂ ಬೇರೆ ಬೇರೆ ಮಂಚ. ಮೋಕ್ಷಾ ಬೇಗನೆ ಆ ಹೆಂಗಸನ್ನು ‘ಅಮ್ಮ’ ಎಂದಳು. ಅಮ್ಮ ಅಂದಮೇಲೆ ‘ನೀನು’ ತಾನಾಗಿಯೇ ಹಿಂದಿನಿಂದ ಬರುತ್ತದೆ. ಹೆತ್ತಮ್ಮನಿಗೆ ಅವಳು ಹಾಗೆಯೇ ಅನ್ನುತ್ತಿದ್ದದ್ದು. ಅಮ್ಮನನ್ನು ‘ನೀವು’ ಅನ್ನುವ ಮಕ್ಕಳನ್ನು ಅವಳಂತೂ ಕಂಡಿರಲಿಲ್ಲ. ಒಂದು ದಿನ ರೋಷನ್ ಹಾಲಿನ ಗ್ಲಾಸು ಕೆಡವಿದ. ಆ ಹೆಂಗಸು ಕೈ ಎತ್ತಿದಳು. ಮೋಕ್ಷಾ ನಡುವೆ ಬಂದು ನಿಂತು, “ನೀನು ಅವನಿಗೆ ಹೊಡೀಬೇಡ” ಅಂದಳು.

ಅಷ್ಟೇ ಅಂದದ್ದು. ಆ ವಾರವೇ ಇಬ್ಬರನ್ನೂ ಬ್ಯಾಗು ಸಮೇತ ತೊಕ್ಕೊಟ್ಟಿನ ಹತ್ತಿರದ ಅನಾಥ ಮಕ್ಕಳ ಮನೆಗೆ ವಾಪಸ್ ತಂದು ಬಿಟ್ಟರು. ಹುಡುಗಿಗೆ ದೊಡ್ಡವರು ಚಿಕ್ಕವರು ಎಂದಿಲ್ಲ, ಏಕವಚನದಲ್ಲಿ ಮಾತಾಡುತ್ತಾಳೆ ಎಂದು ದೂರು ಬೇರೆ. ಹೊಡೆಯಲು ಎತ್ತಿದ ಕೈಗೆ ಮರ್ಯಾದೆ ಕಮ್ಮಿಯಾಯಿತಂತೆ! ನಾಚಿಕೆಯಾಗಬೇಕು ಅಂಥವರಿಗೆ.

ಅಂದಿನಿಂದ ಮೋಕ್ಷಾಳ ಬಾಯಲ್ಲಿ ಎಲ್ಲರಿಗೂ ‘ನೀವು’. ಒರ್ನೆಲ್ಲಾಳಿಗಂತೂ ‘ಆಂಟಿ’, ‘ನೀವು’, ‘ಥ್ಯಾಂಕ್ಸ್’ ಇವಿಷ್ಟನ್ನು ಬಿಟ್ಟು ಒಂದು ಹೆಚ್ಚಿನ ಮಾತಿಲ್ಲ. ಅತ್ತಲಿಂದ ‘ನೀವು’, ಇತ್ತಲಿಂದ ‘ನೀವು’. ಫ್ಲಾಟಿನಲ್ಲಿ ದಿನವಿಡೀ ಪಂಚಾಯಿತಿ ಸಭೆ ನಡೆದ ಹಾಗಿತ್ತು. ವಿಮಾನ ಹತ್ತುವವರೆಗೆ ಬಾಯಿ ಬಿಗಿಹಿಡಿದರೆ ತಮ್ಮನಿಗೊಂದು ಮನೆ ಆಗುತ್ತದೆ ಎಂಬುದು ಅವಳ ಲೆಕ್ಕ. ತನ್ನ ಬಗ್ಗೆ ಅವಳು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದಳು.

ಕಚೇರಿಗೆ ಹೋಗುವ ಹಿಂದಿನ ದಿನ ಎಲ್ಲರೂ ಮಕ್ಕಳ ಮನೆಗೆ ಹೋಗಿ ಹೇಳಿ ಹೊರಟರು. ಮೊದಲಿನಿಂದ ಈ ದತ್ತಿನ ಓಡಾಟವನ್ನೆಲ್ಲ ನೋಡಿಕೊಂಡವರು ಅಲ್ಲಿನ ಸೌದಾ ಮೇಡಂ. ಅವರೂ ಜೊತೆಗೆ ಬಂದರು. ದಾರಿಯೊಗೆ ಸಿಟಿ ಬಸ್ ತೋರಿಸಲೇಬೇಕು ಎಂದು ರೋಷನ್‌ನ ಹಟ. ಸರಿ, ತೊಕ್ಕೊಟ್ಟಿನಲ್ಲಿ ಬಸ್ ಹತ್ತಿ, ಸೇತುವೆ ದಾಟಿ, ಪಂಪ್‌ವೆಲ್‌ನಲ್ಲಿ ಇಳಿದರು. ಮಕ್ಕಳಿಗೆ ಒಂದು ದೊಡ್ಡ ಬ್ಯಾಗು ತೆಗೆಯಲಿಕ್ಕಿತ್ತು. ಅಂಗಡಿ ರಸ್ತೆಯ ಆಚೆ ಬದಿಗೆ.

ಅಲ್ಲಿ ಒರ್ನೆಲ್ಲಾ ರಸ್ತೆಯ ಮೇಲೆ ಬಳಿದ ಬಿಳಿ ಪಟ್ಟೆಗಳನ್ನು ಕಂಡಳು. ಕಂಡದ್ದು ಸರಿ, ನಂಬಿಯೂ ಬಿಟ್ಟಳು. ಅವಳ ಊರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಲಾರಿಯೂ ನಿಲ್ಲುತ್ತದಂತೆ. ನಮ್ಮಲ್ಲಿ ಅದು ರಸ್ತೆಗೆ ಹಾಕಿದ ರಂಗೋಲಿ ಎಂದು ಅವಳಿಗೆ ಯಾರು ಹೇಳಬೇಕು? ಅತ್ತಿತ್ತ ನೋಡದೆ ಇಳಿದಳು. ಫ್ಲೈಓವರಿನ ಅಡಿಯಿಂದ ಒಂದು ಬಸ್ ಹಾರ್ನ್ ಬಾರಿಸಿಕೊಂಡು ತಿರುಗಿ ಬಂತು.

ಮೋಕ್ಷಾ ಯೋಚಿಸಲಿಲ್ಲ. ಓಡಿ ಹೋಗಿ ಒರ್ನೆಲ್ಲಾಳ ಕುರ್ತಾ ಹಿಡಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ರಸ್ತೆಯ ಬದಿಗೆ ದೊಪ್ಪನೆ ಬಿದ್ದರು. ಬಸ್ ತನ್ನ ಪಾಡಿಗೆ ಹೋಯಿತು.

“ನಿಕ್ಕ್ ಕಣ್ಣ್ ತೋಜುಜಾ?” ಮೊದಲು ಬಾಯಿಗೆ ಬಂದದ್ದು ಮನೆಮಾತು ತುಳು, ನಿನಗೆ ಕಣ್ಣು ಕಾಣುವುದಿಲ್ಲವಾ ಎಂದು. ತುಳುವಿನಲ್ಲಿ ಬೈದರೆ ಇಟಲಿಯವಳಿಗೆ ತಾಗುವುದಿಲ್ಲ ಎಂದು ಅಷ್ಟು ಗಾಬರಿಯಲ್ಲೂ ಹೊಳೆದಿರಬೇಕು. ಕೂಡಲೇ ಕನ್ನಡಕ್ಕೆ ಹೊರಳಿದಳು. “ಸಾಯ್ಲಿಕ್ಕೆ ಬಂದದ್ದಾ ನೀನು ಇಲ್ಲಿಗೆ? ಅಷ್ಟು ದೊಡ್ಡ ಬಸ್ ಬರುದು ಕಾಣುದಿಲ್ವಾ ನಿಂಗೆ? ನಿಂಗೆ ಎಂತಾದ್ರೂ ಆಗಿದ್ರೆ ನಾವು ಎಲ್ಲಿಗೆ ಹೋಗುದು? ಸ್ವಲ್ಪವಾದ್ರೂ ಬುದ್ಧಿ ಉಂಟಾ ನಿಂಗೆ?”

ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಜನ ಸೇರಿದರು. ಸೌದಾ ಮೇಡಂ ಇಬ್ಬರನ್ನೂ ಎಬ್ಬಿಸಿ, ಮೂಳೆ ಗೀಳೆ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮೆಲ್ಲಗೆ ಅಂದರು: “ಮೋಕ್ಷಾ, ದೊಡ್ಡವರಿಗೆ ಹಾಗೆ ಹೇಳುದಾ? ಸಾರಿ ಹೇಳು.”

ಆಗ ಮೋಕ್ಷಾಳಿಗೆ ತನ್ನ ಬಾಯಿಂದ ಬಿದ್ದದ್ದೇನು ಎಂದು ಗೊತ್ತಾಯಿತು. ಇಷ್ಟು ದಿನ ಕಾದು ಕಾದು, ಕೊನೆಯ ದಿನ ಎಲ್ಲವನ್ನೂ ಹಾಳು ಮಾಡಿಕೊಂಡಾಯಿತು.

“ಸಾರಿ ಆಂಟಿ. ನೀವು ನೋಡಿ ದಾಟಬೇಕಿತ್ತು” ಎಂದಳು.

ಒರ್ನೆಲ್ಲಾಳ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಅವಳು ಹುಡುಗಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಬ್ಯಾಗಿನ ಅಂಗಡಿ ಅಲ್ಲಿಗೇ ಬಿಟ್ಟುಹೋಯಿತು. ಆಟೋ ಹಿಡಿದು ಫ್ಲಾಟಿಗೆ ಬಂದರು. ಸಂಜೆ ಒರ್ನೆಲ್ಲಾ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಯಾರಿಗೋ ಫೋನ್ ಮಾಡಿದಳು. ಗಾಜಿನ ಈಚೆ ಮೋಕ್ಷಾಳಿಗೆ ಎಲ್ಲ ಕೇಳಿಸಲಿಲ್ಲ. ‘ನೀನು’ ಎಂಬ ಮಾತು ಮಾತ್ರ ಕೇಳಿಸಿತು. ಮತ್ತೆ ಇನ್ನೊಮ್ಮೆ ‘ನೀನು’. ಫೋನ್ ಇಟ್ಟ ಒರ್ನೆಲ್ಲಾ ಕಣ್ಣೊರೆಸಿಕೊಂಡಳು.

ದೂರು ಹೋಯಿತು, ಇನ್ನೇನು ಉಳಿಯಿತು? ಮೋಕ್ಷಾ ಒಳಗೆ ಹೋಗಿ ತಮ್ಮನ ಹಳೆಯ ಅಂಗಿಗಳನ್ನು ಬೇರೆ ಮಡಚಿಟ್ಟಳು. ಹೊಸದೆಲ್ಲ ಅವರು ತೆಗೆಸಿಕೊಟ್ಟದ್ದು, ಅವರಿಗೇ ಇರಲಿ. ರೋಷನ್ ಬಂದು “ಅಕ್ಕ, ಎಂತ ಮಾಡ್ತಿದ್ದಿ?” ಎಂದು ಕೇಳಿದ. “ಎಂತ ಇಲ್ಲ, ಹೋಗು ಆಡು” ಎಂದು ಅಟ್ಟಿದಳು.

ಮರುದಿನ ಕಚೇರಿ. ಅಧಿಕಾರಿ ಈ ಕಡೆಯವರೇ ಆದ, ಸ್ವಲ್ಪ ವಯಸ್ಸಾದ ಹೆಂಗಸು. ದಾರಿಯೊ ಒಳಗೆ ಹೋದವನೇ ಕೈಮುಗಿದು ಭಕ್ತಿಯಿಂದ “ಎಂತ ಮಾರಾಯ” ಎಂದ. ಸೌದಾ ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಅಧಿಕಾರಿ ಮಾತ್ರ ನಗು ತಡೆದುಕೊಂಡು, “ಎಂತ ಇಲ್ಲ ಮಾರಾಯ್ರೆ, ಕೂತ್ಕೊಳ್ಳಿ” ಎಂದರು.

ಮೊದಲು ರೋಷನ್‌ನನ್ನು ಕೇಳಿದರು, ಇವರ ಜೊತೆ ಹೋಗ್ತಿಯಾ ಎಂದು.

“ಅಕ್ಕ ಬಂದ್ರೆ ಹೋಗ್ತೇನೆ” ಎಂದ ಅವನು.

“ನೀನೆಂತ ಹೇಳ್ತಿ ಮಗಾ?” ಅಧಿಕಾರಿ ಮೋಕ್ಷಾಳ ಕಡೆ ತಿರುಗಿದರು.

ಹಿಂದಿನ ಸಲ ಕಾರಿನ ಬಾಗಿಲು ತೆರೆದು ತೊಕ್ಕೊಟ್ಟು ಕಾಣುವವರೆಗೂ ಮೋಕ್ಷಾಳಿಗೆ ಏನೂ ಗೊತ್ತಿರಲಿಲ್ಲ. ಈ ಸಲ ಹಾಗೆ ಆಗಬಾರದು. ಬರುವ ಪೆಟ್ಟು ಮುಂದಿನಿಂದಲೇ ಬರಲಿ ಎಂದು ಅವಳು ಗಟ್ಟಿ ಮಾಡಿಕೊಂಡಳು. ಅಧಿಕಾರಿಗೆ ಉತ್ತರ ಕೊಡದೆ ಒರ್ನೆಲ್ಲಾಳ ಕಡೆ ನೇರ ತಿರುಗಿ ಕೂತಳು.

“ಆಂಟಿ, ನೀವು ನಮ್ಮನ್ನು ವಾಪಸ್ ಕಳಿಸ್ತೀರಾ?”

ಒರ್ನೆಲ್ಲಾ ತನಗೆ ಬಂದ ಕನ್ನಡದಲ್ಲಿ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದಳು:

“ಯಾರು ‘ನೀವು’? ನಿನ್ನೆ ರಸ್ತೆಯಲ್ಲಿ ನಾನು ‘ನೀನು’ ಆಗಿದ್ದೆ. ಸರಿಯಾಗಿ ಕೇಳು.”

‘ಕೇಳು’ ಅಂದಳು, ‘ಕೇಳಿ’ ಅನ್ನಲಿಲ್ಲ.

“ನಾನು ನನ್ನ ಮೇಷ್ಟ್ರಿಗೆ ಫೋನ್ ಮಾಡಿದೆ. ಮಕ್ಕಳು ಯಾರಿಗೆ ‘ನೀನು’ ಹೇಳುತ್ತಾರೆ ಎಂದು ಕೇಳಿದೆ. ಅವರು ಹೇಳಿದರು. ಆಮೇಲೆ ನನಗೆ ಅಳು ಬಂತು. ಕೈ ನೋವಿಗೆ ಅಲ್ಲ.” ಒರ್ನೆಲ್ಲಾ ಮೂಗೆಳೆದುಕೊಂಡಳು. “ಈಗ ಕೇಳು.”

ಆ ಮಾತನ್ನು ನುಂಗಿ ನುಂಗಿ ಮೋಕ್ಷಾಳಿಗೆ ಎರಡು ವರ್ಷದ ಅಭ್ಯಾಸ. ಒಮ್ಮೆ ಕೆಮ್ಮಿದಳು.

“ನೀನು ನಮ್ಮನ್ನು ವಾಪಸ್ ಕಳಿಸ್ತಿಯಾ?”

“ಇಲ್ಲ. ನೀನು ಬೈದರೂ ಇಲ್ಲ. ನೀನು ಬೈಯಬೇಕು. ನನಗೆ ರಸ್ತೆ ದಾಟಲು ಬರುವುದಿಲ್ಲ.”

ರೋಷನ್ ಕಿಸಕ್ಕನೆ ನಕ್ಕ. ಏನಾಯಿತು ಎಂದು ಒಂದಿಷ್ಟೂ ಅರ್ಥವಾಗದ ದಾರಿಯೊ ಹೆಂಡತಿ ಅಳುವುದನ್ನು ಕಂಡು ತಾನೂ ಕಣ್ಣು ತುಂಬಿಕೊಂಡ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ಮಕ್ಕಳಿದ್ದರು, ದಿನಾ ಬೈಗುಳ ತಿನ್ನುವ ಅಮ್ಮನೇ ಅವರೂ.

“ಸರಿ, ಈಗ ನನಗೆ ಹೇಳು” ಎಂದರು. “ಇವರು ನಿಂಗೆ ಎಂತ ಆಗ್ಬೇಕು?”

“ಇದು ನಮ್ಮ ಅಮ್ಮ” ಎಂದಳು ಮೋಕ್ಷಾ. ಗಟ್ಟಿಯಾಗಿಯೇ ಹೇಳಿದಳು, ಹೊರಗೆ ಬೆಂಚಿನ ಮೇಲೆ ಕೂತವರೂ ತಿರುಗಿ ನೋಡಿದರು. ಆಮೇಲೆ ದೊಡ್ಡವರಿಗೆ ಕೊಡಬೇಕಾದ ಮರ್ಯಾದೆ ನೆನಪಾಗಿ ಸೇರಿಸಿದಳು: “ನಾವಿಬ್ರೂ ಹೋಗ್ತೇವೆ. ನೀವು ಬರೀರಿ ಮೇಡಂ.”

ಅಧಿಕಾರಿ ಬರೆದರು. ಕಾಗದ ಈಚೆಗೆ ಬಂತು, ಪೆನ್ನು ಒರ್ನೆಲ್ಲಾಳ ಕೈಗೆ ಬಂತು. ತುಂಬಿದ ಕಣ್ಣಿಗೆ ಏನು ಕಾಣುತ್ತದೆ? ಗಂಡನ ಹೆಸರಿನ ಮುಂದೆ ಸಹಿ ಹಾಕಲು ಹೊರಟಳು. ಮೋಕ್ಷಾ ಅವಳ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.

“ಅಲ್ಲಿ ಅಲ್ಲ ಅಮ್ಮ, ಇಲ್ಲಿ. ಸ್ವಲ್ಪ ನೋಡಿ ಹಾಕ್ಲಿಕ್ಕೆ ಎಂತ ಕಷ್ಟ ನಿಂಗೆ?”

ಈ ಸಲ ಸೌದಾ ಮೇಡಂ ಅವಳನ್ನು ತಿದ್ದಲಿಲ್ಲ.