ನಾಲ್ಕು ನಿಮಿಷದ ಗಂಟೆ

ನೀರು ಸರಬರಾಜು ಕಚೇರಿಯಲ್ಲಿ ನಾನು ಮೇಲ್ವಿಚಾರಕನಾಗಿದ್ದಾಗ ಮೂರನೇ ಕೌಂಟರಿನಾಕೆಯನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು. ಆ ಹೆಸರಿಟ್ಟವನು ನಾನೇ. ಬಿಲ್ಲಿನ ತಕರಾರು ತಂದವರ ಮೊಣಕಾಲು ನೋವನ್ನೂ ಆಕೆ ವಿಚಾರಿಸುತ್ತಿದ್ದಳು. ಮನೆಯವರು ಸತ್ತು ನಲ್ಲಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಬಂದವರನ್ನಂತೂ ಕೂರಿಸಿ, ಕುಡಿಯಲು ನೀರು ಕೊಟ್ಟು, ಹೇಗಾಯಿತು ಎಂದು ಕೇಳುತ್ತಿದ್ದಳು. ಅವರು ಹೇಳುತ್ತಾ ಹೋದಂತೆ ಸಾಲು ಹನುಮಂತನ ಬಾಲವಾಗುತ್ತಿತ್ತು. ಪಕ್ಕದ ಕೌಂಟರ್ ಖಾಲಿಯಿದ್ದರೂ ಆ ಸಾಲಿನಿಂದ ಯಾರೂ ಕದಲುತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ನನಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವ ಹಾಗೆ, ಪ್ರತಿ ಕೌಂಟರಿಗೂ ಒಂದೊಂದು ಕರೆಗಂಟೆ ಕೂರಿಸಿದೆ. ಒಬ್ಬರಿಗೆ ನಾಲ್ಕು ನಿಮಿಷ. ಮುಗಿದ ಕೂಡಲೇ ಗಂಟೆ ತಾನಾಗಿ ಹೊಡೆಯುತ್ತದೆ, ಆಗ "ಮುಂದಿನವರು" ಎನ್ನಬೇಕು.

ಆಕೆ ನನ್ನ ಕೋಣೆಗೆ ಬಂದಳು. "ಸಾರ್, ಹೆಸರು ಬದಲಾವಣೆಗೆ ಬರೋರಿಗಾದ್ರೂ ಗಂಟೆ ಬೇಡ. ಅವ್ರು ಬರೀ ಅರ್ಜಿ ಕೊಡೋಕೆ ಬಂದಿರಲ್ಲ."

ಇದು ಕಚೇರಿ, ಹರಟೆಕಟ್ಟೆಯಲ್ಲ ಎಂದೆ. ಹೀಗೇ ಆದರೆ ಹಳೇ ಕಡತಗಳ ಕೋಣೆಗೆ ಹಾಕುತ್ತೇನೆ ಎಂದೂ ಹೆದರಿಸಿದೆ.

ವರ್ಷದೊಳಗೆ ಆಕೆ ಎಲ್ಲರಿಗಿಂತ ಚುರುಕಾದಳು. ಉತ್ತಮ ನೌಕರಳೆಂಬ ಪ್ರಮಾಣಪತ್ರವನ್ನು ನನ್ನ ಕೈಯಾರೆ ಕೊಟ್ಟೆ. ಅದನ್ನು ಮಡಚಿ ಚೀಲಕ್ಕೆ ಹಾಕುತ್ತಾ ಆಕೆ, "ಈಗ ಮನೆಗೆ ಹೋದ್ಮೇಲೆ ಯಾರ ಮುಖಾನೂ ನೆನಪಿರಲ್ಲ ಸಾರ್," ಎಂದಳು. ತಲೆಭಾರ ಇಳಿಯಿತು ಎನ್ನುತ್ತಿದ್ದಾಳೆಂದು ನಾನು ಹಲ್ಲು ಕಿರಿದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಹೋದ ತಿಂಗಳು ನನ್ನ ಹೆಂಡತಿ ತೀರಿಕೊಂಡಳು. ನಮ್ಮ ಮನೆಯ ನಲ್ಲಿ ಅವಳ ಹೆಸರಿನಲ್ಲಿತ್ತು. ನಿವೃತ್ತನಾದ ಆರು ವರ್ಷದ ಮೇಲೆ ಅದೇ ಕಚೇರಿಯ ಮೆಟ್ಟಿಲು ಹತ್ತಿದೆ. ಎರಡು ಕೌಂಟರ್ ಖಾಲಿಯಿದ್ದರೂ ಮೂರನೆಯದರ ಸಾಲಿನಲ್ಲೇ ನಿಂತೆ. ಬಂದ ನೆಂಟರಿಷ್ಟರೆಲ್ಲ ಸಮಾಧಾನ ಹೇಳಿ ಹೋಗಿದ್ದರು, ಹೇಗಾಯಿತು ಎಂದು ಒಬ್ಬರೂ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ನನ್ನ ಜೀವ ಹಪಹಪಿಸುತ್ತಿತ್ತು.

ಆಕೆಯ ತಲೆ ನರೆತಿತ್ತು. ಮುಖ ನೋಡದೆ ಅರ್ಜಿ ಇಸಿದುಕೊಂಡಳು, ಮರಣ ಪ್ರಮಾಣಪತ್ರ ಸರಿನೋಡಿದಳು, ದಪ್ಪ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಹೆಸರು ಬರೆಯುವಾಗ ಪೆನ್ನು ನಿಂತಿತು. ತಲೆ ಎತ್ತಿದಳು.

"ಸಾರ್, ಮನೆಯವ್ರಾ?"

"ಹೌದಮ್ಮ. ಬೆಳಿಗ್ಗೆ ಎದ್ದು, ಕಿಟಕಿ ತೆಗೀರಿ ಅಂದ್ಲು..."

ಗಂಟೆ ಹೊಡೆಯಿತು.

ಆಕೆಯ ಕಣ್ಣು ನನ್ನ ಮೇಲೇ ಇತ್ತು. ಕೈ ಮಾತ್ರ ತನ್ನಷ್ಟಕ್ಕೆ ಮೊಹರು ಒತ್ತಿ, ಕಾಗದವನ್ನು ನನ್ನತ್ತ ಸರಿಸಿತು.

"ಮುಂದಿನವರು," ಎಂದಳು.

ನಾನು ಪಕ್ಕಕ್ಕೆ ಸರಿದು ಹಿಂದಿದ್ದವರಿಗೆ ಜಾಗ ಬಿಟ್ಟೆ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಎಲ್ಲ ನಾನು ಹೇಳಿಕೊಟ್ಟ ಹಾಗೆಯೇ ಇತ್ತು.