ಲೋಮ್ ಅಂಗಡಿಯಲ್ಲಿ ಒಂದು ಕೋಟು

ಯೊನ್ಕಾ ಸತ್ತ ಮೇಲೆ ನಮ್ಮ ಬಟ್ಟೆ ಅಂಗಡಿಯ ಕಿಟಕಿಯ ಅಲಂಕಾರ ನನ್ನ ತಲೆಗೆ ಬಂತು. ನನಗೆ ಆ ಕೆಲಸ ಬರುವುದಿಲ್ಲ, ಬರುತ್ತದೆ ಎಂದು ಯಾವತ್ತೂ ಹೇಳಿಯೂ ಇಲ್ಲ. ನಾನು ಗಲ್ಲಾಪೆಟ್ಟಿಗೆಯ ಹೆಂಗಸು. ಬಟ್ಟೆ ಮಡಚುತ್ತೇನೆ, ರಸೀದಿ ಕೊಡುತ್ತೇನೆ, ಬೆಲೆ ಕೇಳಿ ಮೂಗು ಮುರಿಯುವವರಿಗೆ ಬಾಗಿಲು ತೋರಿಸುತ್ತೇನೆ. ಗಾಜಿನ ಹಿಂದೆ ಗೊಂಬೆಗಳಿಗೆ ಬಟ್ಟೆ ತೊಡಿಸಿ ಬೀದಿಯವರನ್ನು ಒಳಗೆಳೆಯುವುದು ಅವಳ ಕೆಲಸವಾಗಿತ್ತು. ಅಂಗಡಿಯಲ್ಲಿ ಇದ್ದದ್ದು ಇಬ್ಬರೇ. ಹತ್ತೊಂಬತ್ತು ವರ್ಷ ಒಂದೇ ಒಲೆಯ ಮೇಲೆ ಕಾಫಿ ಕಾಯಿಸಿಕೊಂಡು, ಜಗಳವಾಡಿಕೊಂಡು, ಸಂಜೆ ಬೀಗವನ್ನು ಒಬ್ಬಳು ಹಾಕಿದರೆ ಇನ್ನೊಬ್ಬಳು ಎಳೆದು ನೋಡಿಕೊಂಡು ಕಳೆದೆವು.

ರಾಜಧಾನಿ ಸೋಫಿಯಾದಲ್ಲಿರುವ ಕಂಪನಿಯವರು ಅವಳ ಜಾಗಕ್ಕೆ ಮನುಷ್ಯರನ್ನು ಕಳಿಸಲಿಲ್ಲ. ಒಂದು ಟ್ಯಾಬ್ ಕಳಿಸಿದರು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಬೀದಿಯಲ್ಲಿ ನಿಂತು ಕಿಟಕಿಯ ಫೋಟೋ ತೆಗೆಯಬೇಕು. ಅದರೊಳಗಿರುವ ಎಐ ಎಂಬ ಯಂತ್ರಬುದ್ಧಿ ಫೋಟೋದಲ್ಲಿರುವ ಒಂದೊಂದು ಬಟ್ಟೆಯನ್ನೂ ಕಂಪನಿಯ ಆನ್‌ಲೈನ್ ಕ್ಯಾಟಲಾಗಿಗೆ ಹೋಲಿಸಿ ನೋಡುತ್ತದೆ. ಹೊಂದಿದರೆ ಸುತ್ತ ಹಸಿರು ಗೆರೆ, ಹೊಂದದಿದ್ದರೆ ಕೆಂಪು. ಹಸಿರು ಬಿದ್ದದ್ದನ್ನು ಫೋನಿನಲ್ಲಿ ಬಟ್ಟೆ ಹುಡುಕುವವರಿಗೆಲ್ಲ ‘ಲೋಮ್ ಅಂಗಡಿಯ ಕಿಟಕಿಯಲ್ಲಿದೆ’ ಎಂದು ತೋರಿಸುತ್ತದೆ. ಕೆಂಪು ಬಿದ್ದದ್ದನ್ನು ತೆಗೆಯುವವರೆಗೆ ಟ್ಯಾಬ್ ಕುಯ್‌ಗುಟ್ಟುತ್ತದೆ. ನಾನು ಒಮ್ಮೆ ಯೊನ್ಕಾ ಮಾಡುತ್ತಿದ್ದ ಹಾಗೆ ಗೊಂಬೆಯ ಕಾಲ ಬಳಿ ಕುಂಬಳಕಾಯಿ ಇಟ್ಟೆ. ಕೆಂಪು. ಕುಂಬಳಕಾಯಿ ಕ್ಯಾಟಲಾಗಿನಲ್ಲಿ ಇಲ್ಲವಂತೆ. ಮನೆಗೊಯ್ದು ಬೇಯಿಸಿ ತಿಂದೆ.

ಅಕ್ಟೋಬರಿನಲ್ಲಿ ಯೊನ್ಕಾ ಸತ್ತು ಆರು ತಿಂಗಳಾಯಿತು. ನಮ್ಮಲ್ಲಿ ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು ಸಾವಿನ ಹಾಳೆ ಅಚ್ಚುಹಾಕಿಸಿ, ಸತ್ತವರ ಫೋಟೋ ಸಮೇತ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಕರೆಂಟು ಕಂಬಕ್ಕೆ ಅಂಟಿಸುತ್ತಾರೆ. ಅಂಟಿಸಿದ್ದನ್ನು ಮಳೆ ಗಾಳಿ ಒಯ್ಯಬೇಕು, ಮನುಷ್ಯರ ಕೈ ತಾಗಬಾರದು. ನಮ್ಮ ಲೋಮ್ ಊರಿನಲ್ಲಿ ಈಗ ಬೀದಿಯಲ್ಲಿ ಓಡಾಡುವವರಿಗಿಂತ ಗೋಡೆ ಮೇಲಿರುವವರೇ ಜಾಸ್ತಿ.

ಯೊನ್ಕಾಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಅಚ್ಚುಹಾಕುವ ಹುಡುಗಿಯ ಹತ್ತಿರ ನಾನೇ ಹೋದೆ.

“ಕೊನೇಲಿ ಏನು ಹಾಕ್ಲಿ ಆಂಟಿ? ‘ದುಃಖದಲ್ಲಿರುವ ಮನೆಯವರು’ ಅಂತ್ಲಾ?”

“ಮನೆಯವ್ರು ಇಲ್ಲ.”

“ಏನಾದ್ರೂ ಹಾಕ್ಲೇಬೇಕು. ಖಾಲಿ ಬಿಟ್ರೆ ಕೆಟ್ಟದಾಗಿ ಕಾಣುತ್ತೆ.”

“‘ಅಂಗಡಿಯವರು’ ಅಂತ ಹಾಕು.”

ನನ್ನ ಬಳಿ ಅವಳದು ಇದ್ದದ್ದು ಒಂದೇ ಫೋಟೋ. ಹಿಂದಿನ ಚಳಿಗಾಲದಲ್ಲಿ ಒಂದು ಸಂಜೆ, ಅಂಗಡಿ ಮುಚ್ಚುವಾಗ, ಗೊಂಬೆಯ ಮೈಮೇಲಿದ್ದ ವೈನ್ ಬಣ್ಣದ ಉಣ್ಣೆ ಕೋಟನ್ನು ಬಿಚ್ಚಿ ತಾನೇ ತೊಟ್ಟು, ಕೈಗಳನ್ನು ಸೆಟೆಸಿಕೊಂಡು ಗೊಂಬೆಯ ಹಾಗೆ ಕಿಟಕಿಯಲ್ಲಿ ನಿಂತಿದ್ದಳು. ದೊಡ್ಡ ಕಾಲರು, ಮೂರು ದಪ್ಪ ಗುಂಡಿ. ಬೀದಿಯಿಂದ ನಾನು ತೆಗೆದಿದ್ದೆ. ಆ ಕೋಟಿನ ಮೇಲೆ ಅವಳಿಗೆ ಪ್ರಾಣ; ಕೊಳ್ಳಲೂ ಇಲ್ಲ, ಬೇರೆಯವರು ಕೊಳ್ಳಲು ಬಿಡಲೂ ಇಲ್ಲ, ಹಿಂದಿನ ಸಾಲಿನಲ್ಲಿ ಬಚ್ಚಿಡುತ್ತಿದ್ದಳು. ಏಪ್ರಿಲಿನಲ್ಲಿ ಅವಳು ಮೆಟ್ಟಿಲ ಮೇಲೆ ಕುಸಿದು ಸತ್ತಾಗ ನಾನು ಅದನ್ನು ಕೊಂಡು ಅವಳಿಗೆ ತೊಡಿಸಿದೆ. ಮೈ ತೊಳೆಯಲು ಬಂದ ಹೆಂಗಸರು, “ಈ ಬಿಸಿಲಿಗೆ ಉಣ್ಣೆ ಕೋಟೇನೇ?” ಎಂದರು. “ನೀವೇನು ಮಣ್ಣಿನ ಕೆಳಗೆ ಹೋಗಿ ನೋಡ್ಕೊಂಡ್ ಬಂದಿದೀರಾ, ಸೆಖೆ ಇದೆ ಅಂತ?” ಎಂದೆ.

ಹಾಳೆಯನ್ನು ಕಿಟಕಿ ಗಾಜಿನ ಬಲಮೂಲೆಗೆ ಒಳಗಿನಿಂದ ಅಂಟಿಸಿದೆ. ಮರುದಿನ ಫೋಟೋ ತೆಗೆಯುವಾಗ ಹಲ್ಲು ಕಚ್ಚಿಕೊಂಡಿದ್ದೆ. ಕೆಂಪು ಬಿದ್ದರೆ ಟ್ಯಾಬನ್ನು ಡ್ಯಾನ್ಯೂಬಿಗೆ ಎಸೆಯುವುದೆಂದು ತೀರ್ಮಾನಿಸಿದ್ದೆ. ಬಿದ್ದದ್ದು ಹಸಿರು. ಯೊನ್ಕಾಳ ಸುತ್ತ ಅಚ್ಚುಕಟ್ಟಾದ ಹಸಿರು ಗೆರೆ. ಪರವಾಗಿಲ್ಲ, ಇದಕ್ಕೂ ಸತ್ತವರೆಂದರೆ ಮರ್ಯಾದೆ ಇದೆ ಅನ್ನಿಸಿತು. ಅವತ್ತಿಡೀ ಟ್ಯಾಬನ್ನು ಬೈಯಲಿಲ್ಲ.

ಅದೇ ವಾರ ಒಬ್ಬಳು ಬಂದಳು. ಅರವತ್ತು ದಾಟಿದ, ಕುಂಟುವ ಹೆಂಗಸು. ಬಂದವಳೇ ಕೈಚೀಲವನ್ನು ಗಲ್ಲಾದ ಮೇಲಿಟ್ಟಳು.

“ಕಿಟಕೀಲಿರೋ ಕೋಟು ತೆಗಿಯಮ್ಮ, ಹಾಕ್ಕೊಂಡ್ ನೋಡ್ಬೇಕು.”

“ಯಾವ ಕೋಟು?”

“ವೈನ್ ಬಣ್ಣದ್ದು. ದೊಡ್ಡ ಕಾಲರು, ಮೂರು ಗುಂಡಿ.”

“ಅದು ಇಲ್ಲ.”

“ಇದೆ.”

“ಇಲ್ಲ ಅಂದ್ರೆ ಇಲ್ಲ.”

“ನೋಡು, ವಲ್ಚೆದ್ರಮ್‌ನಿಂದ ಬಸ್ಸಲ್ಲಿ ನಿಂತ್ಕೊಂಡ್ ಬಂದಿದೀನಿ, ಈ ಮಂಡಿ ಇಟ್ಕೊಂಡು. ಬೇರೆ ಯಾರಿಗೋ ತೆಗೆದಿಟ್ಟಿದ್ರೆ ಬಾಯಿಬಿಟ್ಟು ಹೇಳು. ತಂಗೀಗೋ, ನಾದಿನೀಗೋ.”

“ನಂಗೆ ತಂಗೀನೂ ಇಲ್ಲ, ನಾದಿನೀನೂ ಇಲ್ಲ!”

“ನಾಲಿಗೆ ಮಾತ್ರ ಇದೆ ಅನ್ಸುತ್ತೆ” ಎಂದು ಅವಳು ಫೋನನ್ನು ನನ್ನ ಮೂಗಿಗೆ ಹಿಡಿದಳು. ಕೋಟಿನ ಚಿತ್ರ. ಕಂಪನಿ ಆ ಮಾದರಿಯನ್ನು ಈ ಚಳಿಗಾಲಕ್ಕೆ ಮತ್ತೆ ತಂದಿತ್ತು, ಎಲ್ಲ ಕಡೆ ಮುಗಿದುಹೋಗಿತ್ತು. ಕೆಳಗೆ ಬರೆದಿತ್ತು: ಲೋಮ್ ಅಂಗಡಿ, ಕಿಟಕಿಯಲ್ಲಿ, ಒಂದು. ಇಂದು ಬೆಳಿಗ್ಗೆ ಕಂಡಿದೆ.

ನಾನು ಟ್ಯಾಬ್ ತೆಗೆದೆ. ಆ ಹಸಿರು ಗೆರೆಯನ್ನು ಅದುವರೆಗೆ ಒತ್ತಿ ನೋಡಿರಲಿಲ್ಲ. ಒತ್ತಿದೆ. ‘ಮಹಿಳೆಯರ ಉಣ್ಣೆ ಕೋಟು, ವೈನ್ ಬಣ್ಣ.’ ಹಾಳೆಯ ಮೇಲಿನ ಫೋಟೋ ಕಪ್ಪು ಬಿಳುಪು. ಅದರಲ್ಲಿ ಬಣ್ಣ ಕೂಡ ಕಂಡುಹಿಡಿದ ಯಂತ್ರಕ್ಕೆ ಮುಖ ಮಾತ್ರ ಕಂಡಿರಲಿಲ್ಲ.

ನನ್ನ ತಲೆ ಕಾದು ಹೋಯಿತು. “ಬಾ, ನಿನ್ನ ಕೋಟು ತೋರಿಸ್ತೀನಿ” ಎಂದು ಆ ಹೆಂಗಸಿನ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಹೋಗಿ ಹಾಳೆಯ ಮುಂದೆ ನಿಲ್ಲಿಸಿದೆ. “ಇಗೋ. ಇವಳ ಮೈಮೇಲಿದೆ. ಇವಳು ಸ್ಮಶಾನದಲ್ಲಿದಾಳೆ. ಹೋಗಿ ಕೇಳು, ಕೊಡ್ತಾಳೇನೋ.”

ಅವಳು ಜಗಳಕ್ಕೆ ಬರಲಿಲ್ಲ. ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ, ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಶಿಲುಬೆ ಗುರುತು ಮಾಡಿಕೊಂಡಳು.

“ದೇವರು ಅವಳನ್ನ ಕ್ಷಮಿಸ್ಲಿ. ಚೆನ್ನಾಗಿ ಒಪ್ಪಿದೆ ಕಣೇ ಕೋಟು ಅವಳಿಗೆ.”

“ಹೂಂ.”

“‘ಅಂಗಡಿಯವರು’ ಅಂದ್ರೆ ಯಾರ್ಯಾರು?”

“ನಾನು.”

“ನೀನೊಬ್ಳೇನಾ?” ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೇಗಿದ್ಳು ಅವಳು?”

ಆರು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಊರಿನವರೆಲ್ಲರಿಗೂ ಯೊನ್ಕಾ ಗೊತ್ತು, ಅದಕ್ಕೇ ಯಾರೂ ಕೇಳಲಿಲ್ಲ. ನಾನು ಆ ಹೆಂಗಸನ್ನು ಒಳಗೆ ಕೂರಿಸಿ ಹೇಳಿದೆ. ಯೊನ್ಕಾ ಸೂರ್ಯಕಾಂತಿ ಬೀಜ ತಿಂದು ಸಿಪ್ಪೆಯನ್ನು ಗೊಂಬೆಯ ಜೇಬಿಗೆ ಹಾಕುತ್ತಿದ್ದಳು. ಮೇಯರನ ಹೆಂಡತಿ ಕೊಂಡ ಜಾಕೆಟ್ಟಿನಲ್ಲಿ ಒಂದು ಹಿಡಿ ಸಿಪ್ಪೆ ಸಿಕ್ಕಿ ರಾದ್ಧಾಂತವಾಗಿತ್ತು. ಗೊಂಬೆಗಳಿಗೆ ಕತ್ತಿನ ಗುಂಡಿ ಹಾಕುತ್ತಿರಲಿಲ್ಲ, ಅವಕ್ಕೂ ಉಸಿರು ಬೇಕು ಎನ್ನುತ್ತಿದ್ದಳು. ಆ ಹೆಂಗಸು, ಅವಳ ಹೆಸರು ದೆಸಾ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಸ್ಸಿನ ಹೊತ್ತಾದಾಗ ಎದ್ದು, “ಕೋಟು ಸಿಗ್ಲಿಲ್ಲ, ಆದ್ರೆ ಹೊತ್ತು ಹೋಯ್ತು” ಎಂದು ಹೊರಟಳು.

ಆ ರಾತ್ರಿ ಒಂಬತ್ತಕ್ಕೇ ನಿದ್ದೆ ಬಂತು ನನಗೆ. ಸೋಫಿಯಾದ ಕಂಪನಿಗೆ ವಿಷಯ ತಿಳಿಸಬೇಕಿತ್ತು. ನಾಳೆ ತಿಳಿಸಿದರಾಯಿತು ಎಂದುಕೊಂಡೆ. ತಿಳಿಸಲಿಲ್ಲ.

ಆಮೇಲೆ ಬ್ರುಸಾರ್ಟ್ಸಿಯಿಂದ ತಾಯಿ ಮಗಳು ಬಂದರು. ಮಗಳು ಫೋನು ನೋಡುತ್ತ ನಿಂತಳು, ತಾಯಿ ಕೇಳಿಸಿಕೊಂಡಳು. ಆಮೇಲೆ ಮೊಂತಾನಾದಿಂದ ಒಬ್ಬ ಗಂಡಸು, ಹೆಂಡತಿಯ ಹುಟ್ಟುಹಬ್ಬಕ್ಕೆ ಕೋಟು ಬೇಕಿತ್ತು. ಹಾಳೆ ತೋರಿಸಿ ಎಲ್ಲ ಹೇಳಿದೆ.

“ಅಲ್ಲಮ್ಮಾ, ಆಕೆ ಸೈಜ್ ಎಷ್ಟು?” ಎಂದ.

“ಯಾಕೆ, ಅಗೆದು ತೆಗೀತೀಯಾ?”

“ಸುಮ್ನೆ ಕೇಳ್ದೆ. ನಮ್ಮವ್ಳದ್ದು ನಲವತ್ತೆಂಟು.”

“ಅವಳು ನಿನ್ನ ಹೆಂಡ್ತಿ ಥರ ಅಲ್ಲ, ಕಡ್ಡಿ ಇದ್ದಂಗಿದ್ಳು. ನಡಿ ಆಚೆ!”

ಆ ನಾಲಿಗೆಯೇ ನನಗೆ ಮುಳುವಾಯಿತು. ಅವನು ಕಂಪನಿಗೆ ದೂರು ಬರೆದ. ಎರಡು ದಿನಕ್ಕೆ ಸೋಫಿಯಾದಿಂದ ವ್ಲಾಯ್ಕೊ ಫೋನು ಮಾಡಿದ. ಟ್ಯಾಬುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ಒಳ್ಳೆಯ ಹುಡುಗ, ದನಿ ಎತ್ತುವುದಿಲ್ಲ. ಅದೇ ನನಗೆ ಮೈ ಉರಿಸುವುದು.

“ನೆದ್ಯಾಲ್ಕಾ ಅಕ್ಕ, ನಿಮ್ಮ ಕಿಟಕೀಲಿ ಒಂದು ಪೋಸ್ಟರ್ ಇದ್ಯಂತೆ.”

“ಪೋಸ್ಟರಲ್ಲ. ಯೊನ್ಕಾ.”

“ಸಾರಿ ಅಕ್ಕ. ಆದ್ರೆ ಯಂತ್ರ ಅದನ್ನ ಕೋಟು ಅಂದ್ಕೊಂಡಿದೆ.”

“ಮಾರಾಟ ಆಗಿದೆ ಅಂತ ರಸೀದಿ ಇಲ್ವಾ? ನಾನೇ ಕೊಂಡಿದೀನಿ.”

“ಇದೆ. ಆದ್ರೆ ಅಂಗಡಿ ಲೆಕ್ಕಗಳು ತಪ್ಪಿರುತ್ವೆ ಅಂತ, ಕಣ್ಣಿಗೆ ಕಂಡಿದ್ದನ್ನೇ ನಂಬು ಅಂತ ಅದಕ್ಕೆ ಕಲಿಸಿದಾರೆ. ಯಾರೋ ವಾಪಸ್ ತಂದುಕೊಟ್ಟಿದಾರೆ ಅಂದ್ಕೊಂಡಿದೆ.”

“ಅಲ್ಲಿಂದ ಯಾರೂ ವಾಪಸ್ ಬಂದಿಲ್ಲ ಅಂತ ಅದಕ್ಕೆ ಹೇಳಪ್ಪ.”

“ಹಾಳೆನ ತೆಗೆದು ಒಳಗಡೆ ಗೋಡೆಗೆ ಹಾಕ್ಬಿಡಿ ಅಕ್ಕ. ಅಷ್ಟೇ.”

“ನಿಮ್ಮಪ್ಪಂದು ಬಾಗಿಲಿಂದ ಕಿತ್ತು ಅಡಿಗೆಮನೇಲಿ ಹಾಕು ಅಂದ್ರೆ ಹಾಕ್ತೀಯಾ?”

“ನಮ್ಮಪ್ಪ ಬದುಕಿದಾರೆ.”

“ನೂರು ವರ್ಷ ಬದುಕ್ಲಿ. ಮಾತು ತಿರುಗಿಸ್ಬೇಡ. ಸಾವಿನ ಹಾಳೆಗೆ ಮನುಷ್ಯರ ಕೈ ತಾಗ್ಬಾರ್ದು. ನಿಮ್ಮಜ್ಜೀನ ಕೇಳು. ವರ್ಷ ತುಂಬೋವರೆಗೆ ಅದು ಅಲ್ಲೇ ಇರುತ್ತೆ. ತೆಗೀಬೇಕಾದ್ರೆ ನೀನೇ ಬಾ, ನನ್ನೆದುರಿಗೆ ತೆಗಿ.”

ಅವನಿಗೂ ಅಜ್ಜಿ ಇದ್ದಿರಬೇಕು. ನಿಟ್ಟುಸಿರು ಬಿಟ್ಟು ಹೇಳಿದ: “ಒಂದು ಕೆಲಸ ಮಾಡ್ತೀನಿ. ಕಿಟಕಿಯ ಆ ಮೂಲೇನ ನೋಡ್ಲೇಬೇಡ ಅಂತ ಯಂತ್ರಕ್ಕೆ ಹೇಳ್ಬಿಡ್ತೀನಿ. ಹಾಳೆ ಅಲ್ಲೇ ಇರ್ಲಿ. ಹಸಿರೂ ಬೀಳಲ್ಲ, ಕೆಂಪೂ ಬೀಳಲ್ಲ. ಆಯ್ತಾ?”

“ಆಯ್ತು” ಎಂದೆ. ಗೆದ್ದಿದ್ದೆ. ಪಕ್ಕದಲ್ಲಿ ಬನಿತ್ಸಾ ಎಂಬ ಚೀಸಿನ ರೊಟ್ಟಿ ಮಾರುವ ಅಂಗಡಿಗೆ ಹೋಗಿ ಅದರ ಮಾಲೀಕ ಗೊರಾನನಿಗೆ ಹೇಳಿಕೊಂಡು ಮೆರೆದೆ. “ಸೋಫಿಯಾದವ್ರನ್ನ ಮಣಿಸಿದ್ಯಲ್ಲ ಮಾರಾಯ್ತಿ, ಇನ್ನು ದೊಡ್ಡೋರನ್ನ ಮಣಿಸೋಕೆ ಬ್ರಸೆಲ್ಸ್‌ಗೆ ಹೊರಡು” ಎಂದು ಅವನು ಒಂದು ತುಂಡು ಬನಿತ್ಸಾ ಪುಕ್ಕಟೆ ಕೊಟ್ಟ. ಅವನು ಪುಕ್ಕಟೆ ಕೊಡುವ ಗಿರಾಕಿಯೇ ಅಲ್ಲ.

ಮರುದಿನ ಬೆಳಿಗ್ಗೆ ಫೋಟೋದ ಬಲಮೂಲೆಯಲ್ಲಿ ಬೂದು ಬಣ್ಣದ ಚೌಕ ಬಂತು. ಅಂಗಿ, ಕಾಲುಚೀಲ, ಕೊರಳವಸ್ತ್ರ, ಎಲ್ಲಕ್ಕೂ ಹೆಸರು, ನಂಬರು, ಹಸಿರು ಗೆರೆ. ಯೊನ್ಕಾ ಇದ್ದ ಕಡೆ ಬೂದಿ ಬಳಿದ ಹಾಗೆ. ಗಾಜಿನ ಮೇಲೆ ಅವಳು ಇದ್ದಳು, ಟ್ಯಾಬಿನಲ್ಲಿ ಇರಲಿಲ್ಲ. ಅದರಿಂದ ನನಗೇನು ಎಂದುಕೊಂಡೆ.

ನವೆಂಬರು ಬಂತು. ನದಿಯಿಂದ ಮಂಜು ಎದ್ದು ಆಚೆ ದಡದ ರುಮೇನಿಯಾ ಕಾಣದಾಯಿತು. ಅಂಗಡಿಗೆ ಬರುವವರು ಕಾಲುಚೀಲ ಕೊಂಡರು, ಹೋದರು. ಊರಿನವರು ಹಾಳೆಯ ಮುಂದೆ ಹಾದುಹೋಗುವಾಗ ತಲೆ ಎತ್ತುವುದನ್ನೂ ಬಿಟ್ಟರು, ಓದಿ ಆಗಿತ್ತು. ಬಾಗಿಲ ಗಂಟೆ ಸದ್ದಾದಾಗಲೆಲ್ಲ ನಾನು ಬಂದವರ ಮುಖ ನೋಡುತ್ತಿದ್ದೆ. ಕಾಲುಚೀಲ ಇದೆಯಾ, ಬನಿಯನ್ ಇದೆಯಾ, ದಾರ ಇದೆಯಾ ಎನ್ನುತ್ತಿದ್ದರು. ದಾರ ನಾವು ಮಾರುವುದಿಲ್ಲ. ಒಂದು ಇಡೀ ದಿನ ನಾನು ಆಡಿದ ಮಾತು “ಚಿಲ್ಲರೆ ಇದೆಯಾ” ಎಂಬುದೊಂದೇ ಎಂದು ಬೀಗ ಹಾಕುವಾಗ ಹೊಳೆಯಿತು. ಬೀಗವನ್ನು ನಾನೇ ಹಾಕಿ, ನಾನೇ ಎಳೆದು ನೋಡಿದೆ.

ನಾನು ಕಾಯುತ್ತಿದ್ದೆ. ಯಾರಾದರೂ ದೂರದೂರಿನವರು ಬಂದು ಗಲ್ಲಾಕ್ಕೆ ಕೈ ಊರಿ, ಆ ಕೋಟು ಎಲ್ಲಿ ಎಂದು ಕೇಳಲಿ ಎಂದು ಕಾಯುತ್ತಿದ್ದೆ. ಅವರು ಬರದಂತೆ ಮಾಡಿ ಮೆರೆದವಳು ನಾನೇ.

ವ್ಲಾಯ್ಕೊಗೆ ಫೋನು ಮಾಡಿದೆ.

“ಆ ಬೂದು ಚೌಕ ತೆಗಿ.”

“ಯಾಕಕ್ಕ? ಹಾಳೆ ತೆಗೆದ್ರಾ?”

“ಇಲ್ಲ. ಹಾಳೆ ಇರ್ಲಿ. ಅದು ಕೋಟು ಅಂದ್ಕೊಂಡ್ರೆ ಅಂದ್ಕೊಳ್ಳಿ.”

“ಅಯ್ಯೋ ಅಕ್ಕ, ಜನ ಇಲ್ಲದಿರೋ ಕೋಟಿಗೆ ಅಷ್ಟು ದೂರದಿಂದ ಬರ್ತಾರೆ.”

“ಬರ್ಲಿ.”

“ಅದು ಮೋಸ ಅಲ್ವಾ?”

“ಮೋಸಾನೇ. ಬಂದವ್ರಿಗೆ ನಾನು ಕಾಫಿ ಕೊಡ್ತೀನಿ.”

ಅವನಿಗೆ ನನ್ನ ದನಿಯಲ್ಲಿ ಏನೋ ಕೇಳಿಸಿರಬೇಕು. “ಆಗಲ್ಲ ಅಕ್ಕ” ಎಂದ, ತುಂಬ ಮೆಲ್ಲಗೆ. “ನಿಮ್ಮ ಹತ್ರ ಅಲ್ಲಿ ಯಾರಾದ್ರೂ ಇದಾರಾ?”

“ಗಿರಾಕಿ ಬಂದ್ರು” ಎಂದು ಇಟ್ಟುಬಿಟ್ಟೆ. ಯಾರೂ ಬಂದಿರಲಿಲ್ಲ.

ಮರುದಿನ ಬೇಗ ಹೋದೆ. ಬೀದಿಯಲ್ಲಿ ಗೊರಾನನ ಒಲೆಯ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಒಂದು ಬಟ್ಟಲಲ್ಲಿ ಬಿಸಿನೀರು, ಒಂದು ಚಿಂದಿ, ಹಳೆಯ ಚಾಕು. ಮನುಷ್ಯರ ಕೈ ತಾಗಬಾರದು ಅಂದವಳು ನಾನೇ. “ಬೈಯ್ಕೋಬೇಡ್ವೇ” ಎಂದು ಅವಳಿಗೆ ಹೇಳಿ, ಅಂಚನ್ನು ನೆನೆಸಿ ನೆನೆಸಿ, ಒಂದು ಮೂಲೆಯೂ ಹರಿಯದಂತೆ ಹಾಳೆಯನ್ನು ಬಿಡಿಸಿದೆ. ಎರಡು ಗೊಂಬೆಗಳ ನಡುವೆ ಜಾಗ ಮಾಡಿ ಅಲ್ಲಿ ಅಂಟಿಸಿದೆ. ಖಾಲಿಯಾದ ಬಲಮೂಲೆಗೆ ಕಾಲುಚೀಲಗಳನ್ನು ನೇತುಹಾಕಿದೆ. ಬೂದು ಚೌಕ ಅವುಗಳನ್ನು ಬೇಕಾದರೆ ನುಂಗಿಕೊಳ್ಳಲಿ.

ಬೀದಿಗಿಳಿದು ಫೋಟೋ ತೆಗೆದೆ. ಟ್ಯಾಬ್ ಒಂದು ಕ್ಷಣ ಯೋಚಿಸಿತು. ಯೊನ್ಕಾಳ ಸುತ್ತ ಹಸಿರು ಬಿತ್ತು. ಮಹಿಳೆಯರ ಉಣ್ಣೆ ಕೋಟು, ಲೋಮ್ ಅಂಗಡಿ, ಕಿಟಕಿಯಲ್ಲಿ, ಒಂದು.

ವ್ಲಾಯ್ಕೊ ಕಂಡುಹಿಡಿಯುತ್ತಾನೆ. ಅದಕ್ಕೆ ಒಂದು ವಾರ ಹಿಡಿಯಬಹುದು, ಎರಡು ಹಿಡಿಯಬಹುದು. ವಲ್ಚೆದ್ರಮ್ ಬಸ್ಸು ಹನ್ನೊಂದಕ್ಕೆ ಬರುತ್ತದೆ. ಒಳಗೆ ಹೋಗಿ, ಹಿಂದಿನ ಕೋಣೆಯಿಂದ ಕುರ್ಚಿ ತಂದು, ಧೂಳು ಒರೆಸಿ, ಗಲ್ಲಾದ ಈಚೆ, ಗಿರಾಕಿಗಳ ಬದಿಗೆ ಹಾಕಿದೆ.