ಅತ್ತೆ ಥ್ಯಾಂಕ್ಸ್ ಅಂದ ದಿನ

ಸೊಸೆ ಟೀ ಲೋಟ ತಂದು ಮೇಜಿನ ಮೇಲಿಟ್ಟಳು. ಅತ್ತೆ ಮಡಚುತ್ತಿದ್ದ ಅಂಗಿಯಿಂದ ತಲೆಯೆತ್ತಿ, "ಥ್ಯಾಂಕ್ಸ್ ಕಣೆ" ಅಂದರು.

ಸೊಸೆಯ ಎದೆ ಧಸಕ್ಕೆಂದಿತು. ಮದುವೆಯಾಗಿ ಬಂದಾಗಿನಿಂದ ಆ ಬಾಯಲ್ಲಿ "ಸಕ್ಕರೆ ಸಾಲದು" ಕೇಳಿದ್ದಳು, "ಇದನ್ನ ಟೀ ಅಂತಾರಾ?" ಕೇಳಿದ್ದಳು. ಥ್ಯಾಂಕ್ಸ್? ಅಯ್ಯೋ, ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ! ಅದು ಹೊರಗಿನವರಿಗೆ ಆಡುವ ಮಾತು. ಇಬ್ಬರೂ ಸೇರಿ ನಡೆಸುತ್ತಿದ್ದ ಈ ಇಸ್ತ್ರಿ ಅಂಗಡಿಯಲ್ಲಂತೂ ಅದಕ್ಕೊಂದು ಹೊತ್ತಿತ್ತು. ಬಟ್ಟೆ ಕೈಸೇರಿದ ಮೇಲೂ ಗಿರಾಕಿ ಬಾಗಿಲಿಗೊರಗಿ ಹರಟುತ್ತಿದ್ದರೆ ಅತ್ತೆ ನಗುನಗುತ್ತಾ ಥ್ಯಾಂಕ್ಸ್ ಎನ್ನುತ್ತಿದ್ದರು. ಎಂಥ ಹರಟೆಮಲ್ಲನೂ ಆಮೇಲೆ ನಿಲ್ಲುತ್ತಿರಲಿಲ್ಲ.

ಹಾಗಾದರೆ ತನ್ನನ್ನೂ ಸಾಗಹಾಕುವ ಯೋಚನೆಯೇ? ಗಂಡ ತೀರಿಕೊಂಡು ವರ್ಷ ತುಂಬಿತ್ತು. ಮಕ್ಕಳಿಲ್ಲ. ಅಂಗಡಿ, ಅದರ ಹಿಂದಿನ ಮನೆ, ಎಲ್ಲ ಅತ್ತೆಯದೇ. ಹೋಗು ಎಂದರೆ ಹೋಗಬೇಕು, ಅಷ್ಟೇ.

ತಲೆಯೊಳಗೆ ಹುಳ ಬಿಟ್ಟಂತಾಯಿತು. ದಿನವಿಡೀ ಅತ್ತೆ ಮಾಡಿದ್ದೆಲ್ಲ ಅನುಮಾನವೇ. ನಾದಿನಿಯ ಜೊತೆ ಫೋನಿನಲ್ಲಿ ದನಿ ತಗ್ಗಿಸಿದ್ದೇಕೆ? ಯಾವತ್ತೂ ಇಲ್ಲದ್ದು ಕಾಲರುಗಳಿಗೆ ತಾವೇ ಇಸ್ತ್ರಿ ಹಾಕಲು ನಿಂತದ್ದೇಕೆ, ಸೊಸೆಯಿಲ್ಲದೆ ನಡೆಯುತ್ತದೋ ಇಲ್ಲವೋ ನೋಡಲೆಂದೇ? ಸಂಜೆ, ಬರೀ ಸೂಜಿಗೆ ದಾರ ಪೋಣಿಸಿಕೊಟ್ಟದ್ದಕ್ಕೆ, ಮತ್ತೆ ಥ್ಯಾಂಕ್ಸ್!

ಸೊಸೆಗೆ ಪಿತ್ತ ನೆತ್ತಿಗೇರಿತು. ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದಳು.

"ಬಾಯ್ಬಿಟ್ಟು ಹೇಳ್ಬಿಡಿ ಅತ್ತೆ. ನಾನು ಯಾವಾಗ ಹೊರಡ್ಬೇಕು?"

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು. "ಅದನ್ನ ನೀನಲ್ವೇನೆ ಹೇಳ್ಬೇಕು? ಮೊನ್ನೆ ನಿಮ್ಮಣ್ಣ ಬಂದು ಹಿತ್ತಲಲ್ಲಿ ಗುಸುಗುಸು ಮಾಡಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ಕರ್ಕೊಂಡು ಹೋಗೋಕೇ ತಾನೆ ಬಂದಿದ್ದು?" ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಬೇಡ ಅನ್ನೋಕೆ ನಾನ್ಯಾರು? ವಯಸ್ಸಿದೆ ನಿಂಗೆ. ಒಂದು ದಿನಾನೂ ನಿನ್ಹತ್ರ ಒಳ್ಳೆ ಮಾತಾಡಿದವಳಲ್ಲ ನಾನು. ನೀನು ಹೋಗೋದ್ರೊಳಗೆ ಹೇಳ್ಬಿಡೋಣ ಅಂತ..."

ಅಣ್ಣ ಕರೆದದ್ದು ನಿಜ. ಬರುವುದಿಲ್ಲ ಎಂದು ಅವಳು ಅಲ್ಲೇ, ಆಗಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಅದನ್ನು ಅತ್ತೆಗೂ ಹೇಳಬೇಕೆಂದು ತೋಚಿರಲೇ ಇಲ್ಲ.

"ನಾನೆಲ್ಲಿಗೂ ಹೋಗಲ್ಲ" ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು. "ಅಣ್ಣಂಗೂ ಅದನ್ನೇ ಹೇಳಿ ಕಳಿಸಿದೆ."

ಅತ್ತೆ ಅಂಗೈಯಿಂದ ಮುಖ ಒರೆಸಿಕೊಂಡರು. ಸೊರ್ರನೆ ಮೂಗೆಳೆದುಕೊಂಡರು. ಆಮೇಲೆ ಗದರಿದರು.

"ಇದನ್ನ ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ, ಮೂದೇವಿ! ಮೊನ್ನೆಯಿಂದ ಕಣ್ಣು ಮುಚ್ಚಿಲ್ಲ ನಾನು."

ಮೂದೇವಿ ಎಂದದ್ದೇ ತಡ, ಸೊಸೆಗೆ ಹೋದ ಜೀವ ಬಂದಂತಾಯಿತು.